ಅಟ್ಟದ ಹೆಡ್‌ಫೋನ್ ಕಿವಿಗೆ ಬರಲಿ

ಮಂಗಳೂರಿನಲ್ಲಿ ಬಳಸದೆ ಎತ್ತಿಟ್ಟ ವಸ್ತು ಇಟ್ಟ ಹಾಗೆ ಇರುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಕಿಟಕಿಯ ಸರಳನ್ನೂ ಬಾಗಿಲ ಚಿಲಕವನ್ನೂ ಬಿಡದೆ ತಿನ್ನುವ ಊರು ಇದು. ಕಪಾಟಿನೊಳಗಿನ ಚರ್ಮದ ಚೀಲಕ್ಕೆ ಆಟಿ ತಿಂಗಳು ಮುಗಿಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ಅಟ್ಟ ಹತ್ತಿದ ರೇಡಿಯೋ, ಟೇಪ್‌ರೆಕಾರ್ಡರ್, ಹೆಡ್‌ಫೋನುಗಳ ಗತಿ ಅದಕ್ಕಿಂತ ಕೆಟ್ಟದು, ಏಕೆಂದರೆ ಅವುಗಳ ಒಳಗೆ ಆಗುವ ಹಾನಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ಹೆಡ್‌ಫೋನುಗಳನ್ನು ದುರಸ್ತಿ ಮಾಡಿ, ಇಂದಿನ ಮೊಬೈಲಿಗೋ ಲ್ಯಾಪ್‌ಟಾಪಿಗೋ ಹೊಂದಿಸಿಕೊಂಡು ಕೇಳುವ ಹವ್ಯಾಸವನ್ನು ಕೆಲವರು ಬರೀ ಹಳೆಯದರ ಮೋಹ ಎನ್ನುತ್ತಾರೆ. ಇನ್ನು ಕೆಲವರು ಹಳೆಯದಕ್ಕೆ ಮಾಡುವ ಅಪಚಾರ ಎನ್ನುತ್ತಾರೆ. ಎರಡೂ ತಪ್ಪು. ಕರಾವಳಿಯ ಹವೆಯಲ್ಲಿ ಇಂಥ ವಸ್ತುವನ್ನು ಉಳಿಸಿಕೊಳ್ಳಲು ನಂಬಬಹುದಾದ ದಾರಿ ಅದನ್ನು ಬಳಸುವುದು. ಬಳಸಬೇಕಾದರೆ ಇಂದಿನ ಉಪಕರಣಕ್ಕೆ ಹೊಂದಿಸಲೇಬೇಕು. ಹಾಗೆ ಹೊಂದಿಸುವುದಕ್ಕೆ ಒಂದು ಕಟ್ಟುಪಾಡು ಮಾತ್ರ ಬೇಕು.

ನಮ್ಮ ಊರಿನ ಮನೆಗಳಲ್ಲಿ ಸಿಗಬಹುದಾದ ಹಳೆಯ ಹೆಡ್‌ಫೋನುಗಳದು ಎರಡು ತಲೆಮಾರು. ಮೊದಲನೆಯದು ಅಪರೂಪ: ಕಪ್ಪು ಬೇಕಲೈಟಿನ ದುಂಡನೆಯ ಬಟ್ಟಲುಗಳು, ತಲೆಯ ಮೇಲೆ ಉಕ್ಕಿನ ಪಟ್ಟಿ, ನೂಲು ಹೆಣೆದ ವಯರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯಿಂದ ಹೊರಬಿದ್ದ ಸರಂಜಾಮು, ಹ್ಯಾಮ್ ರೇಡಿಯೋದವರ ಮೇಜು, ಕಾಲೇಜುಗಳ ಭೌತಶಾಸ್ತ್ರದ ಪ್ರಯೋಗಾಲಯ, ಬಹುಮಟ್ಟಿಗೆ ಇವೇ ಅದರ ಮೂಲ. ಮನೆಯ ರೇಡಿಯೋದ ಜತೆಯಲ್ಲಿ ಬಂದದ್ದು ಕಡಿಮೆ. ಮಂಗಳೂರು ಆಕಾಶವಾಣಿ ಶುರುವಾದದ್ದೇ 1976ರ ಡಿಸೆಂಬರ್ 11ರಂದು. ಆ ಹೊತ್ತಿಗೆ ಟ್ರಾನ್ಸಿಸ್ಟರ್ ರೇಡಿಯೋ ಸ್ಪೀಕರಿನಲ್ಲಿ ಇಡೀ ಚಾವಡಿಗೆ ಕೇಳುವಂತೆ ಮಾತಾಡುತ್ತಿತ್ತು. ಎರಡನೆಯ ತಲೆಮಾರು ಗಲ್ಫಿನದು. 1970ರ ದಶಕದಿಂದ ದುಬೈ, ಕುವೈತ್, ಬಹರೈನ್, ಸೌದಿಗೆ ದುಡಿಯಲು ಹೋದವರು ರಜೆಗೆ ಊರಿಗೆ ಬರುವಾಗ ಟೂ-ಇನ್-ವನ್ ತಂದರು. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಮಾರುಕಟ್ಟೆಗೆ ಬಂದ ಮೇಲೆ ಅದನ್ನೂ, ಅದರ ಜತೆಯ ಸ್ಪಂಜಿನ ಹೆಡ್‌ಫೋನನ್ನೂ ತಂದರು. ಇದನ್ನು ಪುರಾತನ ಎಂದು ಕರೆಯಲು ಸಂಗ್ರಾಹಕರು ಒಪ್ಪಲಿಕ್ಕಿಲ್ಲ. ಆದರೆ ನಮ್ಮ ಕರಾವಳಿಯ ಕಥೆಗೆ ಬೇಕಲೈಟಿಗಿಂತ ಈ ಸ್ಪಂಜೇ ಹತ್ತಿರ. ಒಂದು ತಲೆಮಾರಿನವರ ಬೆವರು ಕಡಲು ದಾಟಿ ಮನೆಗೆ ಬಂದದ್ದು ಇಂಥ ವಸ್ತುಗಳ ರೂಪದಲ್ಲಿ.

ಬೇಕಲೈಟಿನ ಹೆಡ್‌ಫೋನಿನ ಒಳಗಿನದು ತಿಳಿದರೆ ತೇವ ಏಕೆ ಅದಕ್ಕೆ ಶತ್ರು ಎಂಬುದು ತಾನಾಗಿ ತಿಳಿಯುತ್ತದೆ. ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ 1910ರ ಸುಮಾರಿಗೆ ತನ್ನ ಅಡುಗೆಮನೆಯಲ್ಲಿ ಜೋಡಿಸಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆ ಕೊಂಡ ಕಾಲದ ಮಾದರಿ ಅದು. ಆಗಿನ ಸ್ಫಟಿಕ ರೇಡಿಯೋಕ್ಕೆ ಬ್ಯಾಟರಿಯೂ ಇಲ್ಲ, ಆಂಪ್ಲಿಫೈಯರೂ ಇಲ್ಲ. ಆಂಟೆನಾಕ್ಕೆ ಸಿಕ್ಕ ಅತ್ಯಲ್ಪ ಶಕ್ತಿಯೇ ಕಿವಿಗೆ ಕೇಳುವ ಸದ್ದಾಗಬೇಕಿತ್ತು. ಅದಕ್ಕಾಗಿ ಪ್ರತಿ ಬಟ್ಟಲಿನಲ್ಲಿ ಒಂದು ಶಾಶ್ವತ ಅಯಸ್ಕಾಂತ, ಅದರ ತುದಿಗಳಿಗೆ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಕಾಯಿಲ್, ಅದರ ಎದುರಿಗೆ ಕೂದಲೆಳೆಯ ಅಂತರದಲ್ಲಿ ತೆಳು ಕಬ್ಬಿಣದ ತಟ್ಟೆ ಇಟ್ಟರು. ಸಾಮಾನ್ಯವಾಗಿ ಒಂದು ಬಟ್ಟಲಿಗೆ 1,000 ಓಮ್, ಎರಡೂ ಸೇರಿ 2,000 ಓಮ್ ರೋಧ. ಈಗ ಇದನ್ನು ನಮ್ಮ ಮಳೆಗಾಲಕ್ಕೆ ಒಡ್ಡಿ ನೋಡಿ. ತಂತಿಯ ಮೇಲಿನ ಎನಾಮಲ್ ಎಲ್ಲಿಯಾದರೂ ಸೂಜಿಮೊನೆಯಷ್ಟು ಬಿಟ್ಟಿದ್ದರೆ ಅಲ್ಲಿ ತೇವ ಸೇರಿ ಹಸಿರು ಕಿಲುಬು ಏಳುತ್ತದೆ. ಅಷ್ಟು ತೆಳು ತಂತಿ ಕಡಿಯಲು ಹೆಚ್ಚು ಕಾಲ ಬೇಕಿಲ್ಲ. ಕಬ್ಬಿಣದ ತಟ್ಟೆ ತುಕ್ಕು ಹಿಡಿದು ಉಬ್ಬಿ ಅಯಸ್ಕಾಂತಕ್ಕೆ ಅಂಟಿಕೊಂಡರೆ ಸದ್ದು ಅಡಗಿತು. ವಾಕ್‌ಮನ್ ಕಾಲದ ಸ್ಪಂಜಿನ ಕಥೆ ಬೇರೆ, ಫಲ ಒಂದೇ: ಅದು ಪಾಲಿಯುರಿಥೇನ್, ಗಾಳಿಯಲ್ಲಿನ ನೀರಿನಂಶವೇ ಅದನ್ನು ಒಡೆಯುತ್ತದೆ, ಮುಟ್ಟಿದರೆ ಅಂಟು, ಉಜ್ಜಿದರೆ ಕಪ್ಪು ಪುಡಿ.

ಬಳಸಿದರೆ ಇದೆಲ್ಲ ಹೇಗೆ ತಪ್ಪುತ್ತದೆ? ಉಳಿಸುವುದು ತಂತಿಯೊಳಗೆ ಹರಿಯುವ ವಿದ್ಯುತ್ತಲ್ಲ. ತೇವ ಕುಳಿತ ಕಾಯಿಲಿನಲ್ಲಿ ಒಂದೇ ದಿಕ್ಕಿನ ವಿದ್ಯುತ್ ಹರಿದರೆ ಕಿಲುಬು ಇನ್ನೂ ಬೇಗ ಏಳುತ್ತದೆ. ಹಳೆಯ ವಾಲ್ವ್ ರೇಡಿಯೋ ಸೆಟ್ಟುಗಳಲ್ಲಿ ಆಗುತ್ತಿದ್ದದ್ದು ಅದೇ. ಉಳಿಸುವುದು ಬಳಸುವವರ ಗಮನ. ವಾರಕ್ಕೊಮ್ಮೆಯಾದರೂ ಕಿವಿಗೆ ಹಾಕುವ ವಸ್ತು ಒಣ ಕೋಣೆಯಲ್ಲಿರುತ್ತದೆ, ಅದರ ಧೂಳು ಒರೆಸಲ್ಪಡುತ್ತದೆ, ಒಂದು ಕಿವಿಯಲ್ಲಿ ಸದ್ದು ಸಣ್ಣಗಾದ ದಿನವೇ ಯಾರಾದರೂ ಮುಚ್ಚಳ ತಿರುಗಿಸಿ ನೋಡುತ್ತಾರೆ. ತುಕ್ಕಿನ ಮೊದಲ ಚುಕ್ಕೆ ಕಂಡಾಗ ಒರೆಸಿದರೆ ತಟ್ಟೆ ಉಳಿಯಿತು. ಹತ್ತು ಮಳೆಗಾಲ ಕಳೆದ ಮೇಲೆ ಕಂಡರೆ ಮಾಡುವುದೇನೂ ಇಲ್ಲ. ಮನೆಮಂದಿ ವಾಸವಿರುವ ಹಂಚಿನ ಮನೆ ನೂರು ವರ್ಷ ನಿಲ್ಲುತ್ತದೆ, ಬೀಗ ಹಾಕಿದ ಮನೆ ಕೆಲವೇ ಮಳೆಗೆ ಕುಸಿಯುತ್ತದೆ. ಇದು ಕರಾವಳಿಯ ಯಾರಿಗೂ ಹೊಸ ಮಾತಲ್ಲ.

ಇನ್ನು ಹೊಂದಿಸುವ ರೀತಿ. ಗಲ್ಫಿನ ಹೆಡ್‌ಫೋನಿಗೆ ಹೆಚ್ಚಿನದೇನೂ ಬೇಡ. ಅದರ ರೋಧ ಸಾಮಾನ್ಯವಾಗಿ 32 ಓಮ್ ಆಸುಪಾಸು. ಇಂದಿನ ಉಪಕರಣಗಳೂ ಅಷ್ಟನ್ನೇ ನಿರೀಕ್ಷಿಸುತ್ತವೆ. ಹೊಸ ಸ್ಪಂಜು, ಬೇಕಾದರೆ ಹೊಸ ವಯರು, ಮೊಬೈಲಿನಲ್ಲಿ ಹೆಡ್‌ಫೋನ್ ತೂತು ಇಲ್ಲದಿದ್ದರೆ ಒಂದು ಅಡಾಪ್ಟರ್, ಅಷ್ಟೇ. ಬೇಕಲೈಟಿನದು ಯೋಚನೆ ಬೇಡುವ ಕೆಲಸ. ಅದರ ಎರಡೂ ಬಟ್ಟಲುಗಳು ಒಂದರ ಹಿಂದೆ ಒಂದು ಜೋಡಿಸಿದ ಮೋನೋ. ಸ್ಟೀರಿಯೋ ಮೊಬೈಲಿನ ಎಡ–ಬಲದ ತಂತಿಗಳನ್ನು ನೇರ ಕೂಡಿಸಿ ಅದಕ್ಕೆ ಕೊಡಬಾರದು, ಒಂದೊಂದು ರೆಸಿಸ್ಟರಿನ ಮೂಲಕ ಕೂಡಿಸಬೇಕು. 2,000 ಓಮಿನ ಹೆಡ್‌ಫೋನನ್ನು ಮೊಬೈಲಿಗೆ ಒಗ್ಗಿಸಲು ಸಣ್ಣ ಟ್ರಾನ್ಸ್‌ಫಾರ್ಮರ್ ಸಾಕು. ಕೆಟ್ಟು ಬಿದ್ದ ಹಳೆಯ ಟ್ರಾನ್ಸಿಸ್ಟರ್ ರೇಡಿಯೋದ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ತಿರುಗುಮುರುಗಾಗಿ ಜೋಡಿಸಿದರೂ ಕೆಲಸ ಆಗುತ್ತದೆ. ಬ್ಲೂಟೂತ್ ಬೇಕೆನಿಸಿದರೆ ಅದರ ಬೋರ್ಡನ್ನೂ ಟ್ರಾನ್ಸ್‌ಫಾರ್ಮರ್ ಇಟ್ಟ ಡಬ್ಬಿಯೊಳಗೇ ಇಡಬಹುದು. ಮುಖ್ಯವಾದದ್ದು, ಇದೆಲ್ಲ ಹೆಡ್‌ಫೋನಿನ ಹೊರಗಿನ ಡಬ್ಬಿಯಲ್ಲಿರಬೇಕು. ಕಟ್ಟುಪಾಡು ಎಂದದ್ದು ಇದನ್ನೇ: ನಾಳೆ ಇನ್ನೊಬ್ಬರು ಬಿಚ್ಚಿ ಮೊದಲಿನಂತೆ ಮಾಡಲಾಗದ ಯಾವ ಕೆಲಸವನ್ನೂ ಇಂದು ಮಾಡಬಾರದು. ತೂತು ಕೊರೆಯಬಾರದು, ಬೇಕಲೈಟಿಗೆ ಬಣ್ಣ ಬಳಿಯಬಾರದು, ತೆಗೆದ ನೂಲಿನ ವಯರನ್ನು ಎಸೆಯದೆ ಚೀಲದಲ್ಲಿ ಕಟ್ಟಿಡಬೇಕು. ಆ ವಯರಿನ ನೂಲಿನಲ್ಲಿ ಹಲವು ಬಾರಿ ಒಂದು ಬಣ್ಣದ ಎಳೆ ಇರುತ್ತದೆ. ಧನ ತುದಿ ಯಾವುದೆಂದು ಹೇಳುವ ಗುರುತು ಅದು, ಏಕೆಂದರೆ ವಾಲ್ವ್ ಸೆಟ್ಟಿಗೆ ಉಲ್ಟಾ ಜೋಡಿಸಿದರೆ ಅಯಸ್ಕಾಂತ ಕ್ರಮೇಣ ಸೊರಗುತ್ತಿತ್ತು. ಅಂಥ ಎಳೆಯನ್ನು ಕತ್ತರಿಸಿ ಬಿಸಾಡುವವರು ಒಂದು ಪುಟ ಹರಿದ ಹಾಗೆ. ಒಳಗಿನದನ್ನೆಲ್ಲ ಬಗೆದು ತೆಗೆದು ಚೀನಾದ ಹೊಸ ಸ್ಪೀಕರ್ ಕೂರಿಸುವುದನ್ನು ನಾನು ದುರಸ್ತಿ ಎಂದು ಒಪ್ಪುವುದಿಲ್ಲ. ಎರಡೂ ಕಾಯಿಲ್ ಕಡಿದಿದ್ದು ಮರಳಿ ಸುತ್ತುವವರು ಸಿಗದಿದ್ದರೆ ಮಾತ್ರ ಅದಕ್ಕೆ ಕೈಹಾಕಬಹುದು, ಆಗಲೂ ಹಳೆಯ ಭಾಗಗಳನ್ನು ಜೋಪಾನ ಮಾಡಿಯೇ.

ಇಷ್ಟಕ್ಕೂ ಮುಟ್ಟುವುದೇ ತಪ್ಪು, ಹಳೆಯದು ಇದ್ದಂತೆಯೇ ಇರಬೇಕು ಎನ್ನುವವರಿದ್ದಾರೆ. ಅವರ ಕಾಳಜಿ ನಿಜವಾದದ್ದು, ವಸ್ತುಸಂಗ್ರಹಾಲಯದ ಮಟ್ಟಿಗೆ ಸರಿಯೂ ಹೌದು. ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಅಲೋಶಿಯಂ ಸಂಗ್ರಹಾಲಯ 1913ರಿಂದ ಈ ಊರಿನ ನೆನಪುಗಳನ್ನು ಕಾಯುತ್ತಿದೆ. ಅಲ್ಲಿಗೆ ಸೇರಿದ ವಸ್ತುವಿಗೆ ಯಾರೂ ಬೆಸುಗೆ ಹಾಕಬಾರದು. ಆದರೆ ಮನೆಮನೆಯ ಅಟ್ಟದಲ್ಲಿರುವುದನ್ನೆಲ್ಲ ಯಾವ ಸಂಗ್ರಹಾಲಯವೂ ತುಂಬಿಕೊಳ್ಳಲಾರದು. ಅವುಗಳ ಮುಂದಿರುವ ದಾರಿ ಬಂದರಿನ ಗುಜರಿ ಅಂಗಡಿ, ಇಲ್ಲವೆ ಯಾರಾದರೂ ಬಳಸುವ ಕಿವಿ. ಮಂಗಳೂರಿನವರು ಇಂಥ ಪ್ರಶ್ನೆಗೆ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆಯಿಂದ ಬೆಳೆದ ಉದ್ದಿಮೆಯ ಹಂಚುಗಳನ್ನು ಹಳೆಯ ಮನೆ ಕೆಡವಿದಾಗ ಒಂದೊಂದಾಗಿ ಇಳಿಸಿ, ತೊಳೆದು, ಹೊಸ ಮನೆಯ ಮಾಡಿಗೆ ಹೊದಿಸುತ್ತೇವೆ. ಕೆಳಗಿನ ಪಕಾಸು, ರೀಪು ಕಬ್ಬಿಣದ್ದಾದರೂ ಹಂಚು ಹಂಚಾಗಿಯೇ ಇರುತ್ತದೆ. ಅದನ್ನು ಯಾರೂ ಅಪಚಾರ ಎನ್ನುವುದಿಲ್ಲ.

ಸದ್ದಿನ ಬಗೆಗಿನ ಆಕ್ಷೇಪ ಇನ್ನೂ ಗಟ್ಟಿ. ಸಾವಿರ ರೂಪಾಯಿಯ ಇಯರ್‌ಫೋನಿನಲ್ಲಿ ಕೇಳುವ ಅರ್ಧದಷ್ಟೂ ಬೇಕಲೈಟಿನದರಲ್ಲಿ ಕೇಳುವುದಿಲ್ಲ ಎನ್ನುವುದು ಸತ್ಯ. ಅದು ಮೋರ್ಸ್ ಸಂಕೇತಕ್ಕೂ ಮಾತಿಗೂ ಮಾಡಿದ ಸಾಧನ. ಕೆಲವು ನೂರು ಹರ್ಟ್ಜ್‌ನಿಂದ ಸುಮಾರು ಮೂರು ಸಾವಿರದವರೆಗೆ ಚೆನ್ನಾಗಿ ನುಡಿಯುತ್ತದೆ, ಅದರಾಚೆ ಸೊರಗುತ್ತದೆ. ಯಕ್ಷಗಾನದ ಪ್ರಸಂಗ ಹಾಕಿದರೆ ಮದ್ದಳೆಯ ತಳಸ್ವರವೂ ಚೆಂಡೆಯ ಚೂಪೂ ಕಳೆದುಹೋಗುತ್ತವೆ. ಆದರೆ ತಾಳಮದ್ದಳೆಯ ಧ್ವನಿಮುದ್ರಣ ಹಾಕಿ: ಅರ್ಥಧಾರಿಯ ಮಾತು, ಎದುರಾಳಿಯ ಪ್ರಶ್ನೆಗೆ ಮುನ್ನ ಬರುವ ಸಣ್ಣ ತಡೆ, ಪದದ ಕೊನೆಯ ಒತ್ತು ಎಲ್ಲವೂ ಆ ಸಾಧನ ಯಾವುದಕ್ಕಾಗಿ ಹುಟ್ಟಿತೋ ಆ ಎಲ್ಲೆಯೊಳಗೇ ಬರುತ್ತವೆ. ಸುದ್ದಿ, ಭಾಷಣ, ಆಕಾಶವಾಣಿಯ ಹಳೆಯ ನಾಟಕ, ಓದಿ ಹೇಳಿದ ಕಥೆ ಇವಕ್ಕೂ ಅಷ್ಟೇ. ಎಲ್ಲಕ್ಕೂ ಒಂದೇ ಹೆಡ್‌ಫೋನ್ ಬೇಕೆಂದು ಯಾರೂ ಹೇಳುತ್ತಿಲ್ಲ. ಇನ್ನು ವಾಕ್‌ಮನ್ ಕಾಲದವನ್ನು ಹೀಗಳೆಯುವುದು ಕಷ್ಟ: ಕಾಸ್ ಕಂಪನಿಯ ಪೋರ್ಟಾ ಪ್ರೋ 1984ರಲ್ಲಿ ಬಂದದ್ದು, ಅದೇ ಆಕಾರದಲ್ಲಿ ಇಂದಿಗೂ ಮಾರಾಟವಾಗುತ್ತಿದೆ. ಅಪಾಯದ ಮಾತೂ ಒಂದಿದೆ, ಅದನ್ನು ಮುಚ್ಚಿಡಬಾರದು. ಹಳೆಯ ವಾಲ್ವ್ ರೇಡಿಯೋಗಳಲ್ಲಿ ಹೆಡ್‌ಫೋನ್ ನೇರ ಹೆಚ್ಚು ವೋಲ್ಟೇಜಿನ ಸರ್ಕ್ಯೂಟಿನಲ್ಲೇ ಇರುತ್ತಿತ್ತು. ಅದರ ತಂತಿ ಸೇರುವ ತಿರುಪುಗಳು ಕಿವಿಯ ಪಕ್ಕದಲ್ಲೇ ತೆರೆದುಕೊಂಡಿರುವುದೂ ಉಂಟು. ಮೊಬೈಲಿಗೆ ಜೋಡಿಸಿದಾಗ ಆ ಭಯವಿಲ್ಲ, ವಾಲ್ವ್ ಸೆಟ್ಟಿಗೆ ಜೋಡಿಸುವವರು ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕಿವಿಗೆ ಹಾಕಲೇಬಾರದು.

ಕೊನೆಯ ಆಕ್ಷೇಪ ಇದು: ಲೋಕದಲ್ಲಿ 2022ರ ಒಂದೇ ವರ್ಷ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿಯೇ ಹೇಳುವಾಗ, ನಾಲ್ಕು ಹೆಡ್‌ಫೋನ್ ಉಳಿಸಿದರೆ ಏನಾಯಿತು? ತೂಕದಲ್ಲಿ ಏನೂ ಆಗಲಿಲ್ಲ. ಆಗುವುದು ಬೇರೆ ಕಡೆ. ಬಟ್ಟಲಿನ ಮುಚ್ಚಳ ಕೈಯಲ್ಲಿ ತಿರುಗಿಸಿ, ತಟ್ಟೆಯನ್ನು ಎಳೆಯದೆ ಬದಿಗೆ ಜಾರಿಸಿ ತೆಗೆದು, ಕೆಟ್ಟದ್ದೇನೆಂದು ಕಣ್ಣಾರೆ ಕಂಡ ಹುಡುಗನೋ ಹುಡುಗಿಯೋ ಇಂದಿನ ಇಯರ್‌ಬಡ್ಡನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಅದರೊಳಗಿನ ಪುಟ್ಟ ಬ್ಯಾಟರಿ ಸೊರಗುತ್ತದೆಂದು ಮಾಡಿದವರಿಗೆ ಗೊತ್ತು, ಆದರೂ ಬಿಚ್ಚಲಾಗದಂತೆ ಅಂಟು ಹಾಕಿ ಮುಚ್ಚಿದ್ದಾರೆ. ಸ್ಪೀಕರ್ ಚೆನ್ನಾಗಿರುವಾಗಲೇ ಅದು ಕಸವಾಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2027ರ ಫೆಬ್ರುವರಿಯಿಂದ ಇಂಥ ಸಣ್ಣ ಉಪಕರಣಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಳಕೆದಾರರೇ ತೆಗೆಯುವಂತಿರಬೇಕು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಆದರೆ ದುರಸ್ತಿ ಎಂದರೇನೆಂದು ಗೊತ್ತಿಲ್ಲದ ಗ್ರಾಹಕ ಆ ಹಕ್ಕನ್ನು ಕೇಳುವುದಿಲ್ಲ. ಕೇಳುವವರು ತಯಾರಾಗುವುದು ದುರಸ್ತಿಯ ಮೇಜುಗಳ ಮುಂದೆ. ಇದು ಶ್ರೀಮಂತರ ಹವ್ಯಾಸವೂ ಅಲ್ಲ: ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಭೂತಗನ್ನಡಿ ಸೇರಿದರೂ ಹೊಸ ಇಯರ್‌ಬಡ್ ಒಂದರ ಬೆಲೆಯೊಳಗೆ ಮುಗಿಯುತ್ತದೆ.

ಎಂಜಿನಿಯರಿಂಗ್ ಕಾಲೇಜುಗಳು, ಪಾಲಿಟೆಕ್ನಿಕ್, ಐಟಿಐಗಳು ಇಷ್ಟೊಂದು ಇರುವ ಊರು ನಮ್ಮದು. ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ ಇದೆ, ಸುರತ್ಕಲ್‌ನಲ್ಲಿ 1960ರಿಂದ ಎಂಜಿನಿಯರಿಂಗ್ ಕಲಿಸುತ್ತಿರುವ ಎನ್‌ಐಟಿಕೆ ಇದೆ. ಅವು ತಿಂಗಳಲ್ಲಿ ಒಂದು ಶನಿವಾರ ಒಂದು ಪ್ರಯೋಗಾಲಯದ ಬಾಗಿಲನ್ನು ಊರಿನವರಿಗೆ ತೆರೆಯಲಿ. ರೇಡಿಯೋ ರಿಪೇರಿಯಲ್ಲಿ ಜೀವಮಾನ ಕಳೆದ ಹಿರಿಯರನ್ನು ಗೌರವಧನ ಕೊಟ್ಟು ಕರೆದು ವಿದ್ಯಾರ್ಥಿಗಳ ಪಕ್ಕ ಕೂರಿಸಲಿ. ಕೂದಲಿನಂಥ ತಂತಿಯನ್ನು ಕಡಿಯದೆ ಸುತ್ತುವ ವಿದ್ಯೆ ಪಠ್ಯಪುಸ್ತಕದಲ್ಲಿಲ್ಲ, ಅವರ ಬೆರಳಲ್ಲಿದೆ. ಮನೆಯವರಲ್ಲಿ ನನ್ನ ಬೇಡಿಕೆ ಇನ್ನೂ ಸಣ್ಣದು. ಮಳೆಗಾಲಕ್ಕೆ ಮುಂಚೆ ಅಟ್ಟ ಗುಡಿಸುವಾಗ ಹಳೆಯ ಹೆಡ್‌ಫೋನ್ ಸಿಕ್ಕರೆ ಗುಜರಿಯವರ ತಕ್ಕಡಿಗೆ ಹಾಕುವ ಮೊದಲು, ಮೊಬೈಲಿಗೆ ಚುಚ್ಚುವ ಮೊದಲು, ವಯರಿನ ತುದಿಗಳಿಗೆ ಮಲ್ಟಿಮೀಟರ್ ಹಿಡಿದು ನೋಡಿ. ಸ್ಪಂಜಿನದು ಪ್ರತಿ ಕಿವಿಗೆ ಮೂವತ್ತರ ಆಸುಪಾಸು, ಬೇಕಲೈಟಿನದು ಎರಡೂ ಸೇರಿ ಎರಡು ಸಾವಿರದ ಆಸುಪಾಸು ಓಮ್ ತೋರಿಸಿದರೆ ಕಾಯಿಲ್ ಇನ್ನೂ ಜೀವಂತ ಇದೆ. ಅದನ್ನು ಮಾರಬೇಡಿ.