ತಲೆ ಎಣಿಸುವ ದುಡಿಮೆ

“ಸರ, ಇದರಾಗ ಸೋತವ್ರು ಅಂದ್ರ ದುಡೀಲಾರದವ್ರು, ಅಷ್ಟೇರಿ.”

ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಈ ಮಾತು ಹೇಳಿದವನು ನನ್ನ ಹಳೆಯ ವಿದ್ಯಾರ್ಥಿ. ಮೇ ತಿಂಗಳ ಬಿಸಿಲಿನಲ್ಲಿ ಟೈ ಕಟ್ಟಿಕೊಂಡು ಬಂದಿದ್ದ. ಕಾಲಿಗೆ ಬಿದ್ದ, ತಂಬಿಗೆ ನೀರು ಕುಡಿದ, ಬ್ಯಾಗಿನಿಂದ ಒಂದು ಪ್ರೋಟೀನ್ ಪುಡಿಯ ಡಬ್ಬಿ, ಒಂದು ಟೂತ್‌ಪೇಸ್ಟ್ ತೆಗೆದಿಟ್ಟ. ಆಮೇಲೆ ಬಂತು ಬಿಳಿ ಹಾಳೆ. ಮೇಲೊಂದು ದುಂಡು, ಅದರೊಳಗೆ ನನ್ನ ಹೆಸರು. ಕೆಳಗೆ ಆರು ದುಂಡು, ಒಂದೊಂದರ ಕೆಳಗೂ ಮತ್ತೆ ಆರಾರು. “ನಿಮಗ ಊರಾಗ ಗುರುತಿಲ್ಲದವ್ರು ಯಾರದಾರ್ರೀ?” ಎಂದ. ಅವನು ಬಂದದ್ದು ನನ್ನ ಜೇಬಿಗಲ್ಲ, ನನ್ನ ಗುರುತಿಗೆ ಎಂದು ಆಗಲೇ ತಿಳಿಯಿತು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ವಸ್ತು ಎಷ್ಟೇ ಒಳ್ಳೆಯದಿರಲಿ, ಕಂಪನಿ ಎಷ್ಟೇ ದೊಡ್ಡದಿರಲಿ, ಕೇಳಬೇಕಾದದ್ದು ಒಂದೇ: ನನ್ನ ಕೆಳಗೆ ಒಬ್ಬರೂ ಸೇರದಿದ್ದರೆ, ಬರೀ ಸರಕು ಮಾರಿ ನನ್ನ ಕೂಲಿ ಹುಟ್ಟುತ್ತದೆಯೇ? 2025ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಅಷ್ಟಾದರೂ ಗಿಟ್ಟದಿದ್ದರೆ ಅದು ವ್ಯಾಪಾರವಲ್ಲ.

ಹುಡುಗ ಹೋದ ಮೇಲೆ ಟೂತ್‌ಪೇಸ್ಟನ್ನು ನಮ್ಮ ಓಣಿಯ ಕಿರಾಣಿ ಅಂಗಡಿಗೆ ಒಯ್ದೆ. ಇಟ್ಟು ಮಾರುತ್ತೀಯೇನಪ್ಪ ಎಂದು ಕೇಳಿದೆ. ಅವನು ಡಬ್ಬಿ ತಿರುಗಿಸಿ ಬೆಲೆ ಓದಿದ, ಮುಚ್ಚಳ ತೆಗೆದು ಮೂಸಿದ. “ಚಲೋ ಅದರೀ. ಇದರಾಗ ಹತ್ತು ರೂಪಾಯಿದು ಸಣ್ಣದು ಬರ್ತದೇನು?” ಎಂದ. ಬರುವುದಿಲ್ಲ. ಹತ್ತು ರೂಪಾಯಿಯ ಪೇಸ್ಟು, ಎರಡು ರೂಪಾಯಿಯ ಶಾಂಪೂ ಚೀಟಿ ಕೊಳ್ಳುವ ಊರಿನಲ್ಲಿ ಆ ಬೆಲೆಗೆ ಅದನ್ನು ಕೊಳ್ಳುವವರು, ಅದನ್ನು ಮಾರಲು ಸೇರಿಕೊಂಡವರು ಮಾತ್ರ.

ನಮ್ಮಲ್ಲಿ ಇಂಥ ಮಾರಾಟ ಜಾಲಗಳನ್ನು ಸಮರ್ಥಿಸುವವರು ಮೊದಲು ತೋರಿಸುವುದು ನೋಂದಣಿ ಪತ್ರವನ್ನು. ಜಿಎಸ್‌ಟಿ ನಂಬರು ಮಿಠಾಯಿ ಅಂಗಡಿಗೂ ಇರುತ್ತದೆ, ಮುಂದೆ ಹೋಗೋಣ. ಕಾನೂನಿನ ಕಥೆ ಸ್ವಲ್ಪ ತೊಡಕಿನದು. ಜನರನ್ನು ಸೇರಿಸಿದ್ದಕ್ಕೆ ಹಣ ಕೊಡುವ ಯೋಜನೆಗಳನ್ನು 1978ರ ಪ್ರೈಜ್ ಚಿಟ್ಸ್ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆ ಅಪರಾಧವೆನ್ನುತ್ತದೆ. ಶಿಕ್ಷೆ ಮೂರು ವರ್ಷದವರೆಗೆ ಸೆರೆ, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಐದು ಸಾವಿರ! ಆ ದಂಡಕ್ಕಿಂತ ಕೆಲವು ಕಂಪನಿಗಳ ಸೇರ್ಪಡೆಯ ಕಿಟ್ಟೇ ತುಟ್ಟಿ. ಆಮ್ವೇ ಕಂಪನಿಯ ಯೋಜನೆಗೂ ಈ ಕಾಯ್ದೆ ಅನ್ವಯಿಸುತ್ತದೆಂದು ಆಂಧ್ರಪ್ರದೇಶ ಹೈಕೋರ್ಟು 2007ರಲ್ಲಿ ಹೇಳಿತು. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಅದೇ ಕಂಪನಿಯ 757.77 ಕೋಟಿ ರೂಪಾಯಿಯ ಆಸ್ತಿಯನ್ನು ಜಪ್ತಿ ಮಾಡಿತು. ಕಂಪನಿ ಆರೋಪವನ್ನು ಒಪ್ಪಿಲ್ಲ. ಅಮೆರಿಕದಲ್ಲಾದರೆ 1979ರಲ್ಲೇ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದೇ ಆಮ್ವೇ ಬರೀ ಜನರನ್ನು ಸೇರಿಸಿ ನಡೆಸುವ ಪಿರಮಿಡ್ ಅಲ್ಲವೆಂದಿತ್ತು. ಸದಸ್ಯರು ಹೊರಗಿನ ಗಿರಾಕಿಗಳಿಗೆ ಮಾರಲೇಬೇಕೆಂಬ ನಿಯಮ ಅದರಲ್ಲಿದೆ ಎಂಬುದು ಒಂದು ಕಾರಣ. ಅದೇ ಕಮಿಷನ್ನಿನ ಸಿಬ್ಬಂದಿ 2024ರಲ್ಲಿ ಇಂಥ 70 ಕಂಪನಿಗಳು ತಾವೇ ಪ್ರಕಟಿಸಿದ ಆದಾಯದ ಪಟ್ಟಿಗಳನ್ನು ತೆಗೆದು ನೋಡಿದರು. ಬಹುಪಾಲು ಸದಸ್ಯರ ಗಳಿಕೆ ವರ್ಷಕ್ಕೆ ಸಾವಿರ ಡಾಲರ್ ಅಥವಾ ಅದಕ್ಕೂ ಕಡಿಮೆ, ಅದೂ ಹೆಚ್ಚಾಗಿ ಖರ್ಚು ಕಳೆಯದ ಲೆಕ್ಕ. ಅಂದರೆ ಕಾನೂನಿಗೆ ಸರಿಯಾಗಿದ್ದೂ ನಮಗೆ ನಷ್ಟವಾಗುವುದು ಸಾಧ್ಯ.

ಈಗ ಆ ‘ದುಡೀಲಾರದವ್ರು’ ಮಾತಿಗೆ ಬರೋಣ. ಇದನ್ನು ವಿರೋಧಿಸುವವರು ಸಾಮಾನ್ಯವಾಗಿ ಹೇಳುವ ಲೆಕ್ಕವನ್ನು ನಾನೂ ಹುಡುಗನಿಗೆ ಹೇಳಿದೆ. 2011ರ ಜನಗಣತಿಯಂತೆ ನಮ್ಮ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11,74,271. ಆರಾರು ಮಂದಿಯಂತೆ ಸೇರಿಸುತ್ತ ಹೋದರೆ ಏಳನೆಯ ಸಾಲಿಗೆ 2,79,936. ಎಂಟನೆಯ ಸಾಲಿಗೆ 16,79,616. ಸುರಪುರ, ಹುಣಸಗಿ, ಗುರುಮಠಕಲ್ಲಿನ ತೊಟ್ಟಿಲ ಕೂಸುಗಳನ್ನು ಸೇರಿಸಿಕೊಂಡರೂ ಸಾಲದು. ಹುಡುಗ ನಕ್ಕ. “ಅಲ್ಲೀ ತನಕ ಯಾವುದೂ ಹೋಗಂಗಿಲ್ಲ ಬಿಡ್ರಿ ಸರ.” ಅವನು ಹೇಳಿದ್ದು ನಿಜ. ನನ್ನ ಲೆಕ್ಕವೇ ಸಪ್ಪೆಯಾಗಿತ್ತು.

ರಾತ್ರಿ ಇನ್ನೊಂದು ಲೆಕ್ಕ ಹೊಳೆಯಿತು. ಜಾಲದಲ್ಲಿ ಸಾವಿರ ಜನ ಇದ್ದಾರೆ ಎನ್ನಿ. ಮೊದಲನೆಯವನನ್ನು ಬಿಟ್ಟರೆ ಉಳಿದ 999 ಮಂದಿಯಲ್ಲಿ ಪ್ರತಿಯೊಬ್ಬರನ್ನೂ ಯಾರೋ ಒಬ್ಬರು ಕರೆತಂದಿದ್ದಾರೆ. ಸಾವಿರ ಜನ ಕೂಡಿ ಕರೆತಂದದ್ದು 999. ತಲೆಗೆ ಒಂದೂ ಪೂರ್ತಿ ಬೀಳಲಿಲ್ಲ. ಹತ್ತು ಸಾವಿರ ಜನರಾದರೂ ಇಷ್ಟೇ, ಕೋಟಿಯಾದರೂ ಇಷ್ಟೇ. ಒಬ್ಬ ಆರು ಮಂದಿಯನ್ನು ತಂದಿದ್ದಾನೆಂದರೆ, ಒಬ್ಬರನ್ನೂ ತರದ ಐವರು ಅದೇ ಜಾಲದಲ್ಲಿ ಇರಲೇಬೇಕು. ಅವರು ಸೋಮಾರಿಗಳಾಗಬೇಕಿಲ್ಲ. ಎಲ್ಲರೂ ನಿದ್ದೆಗೆಟ್ಟು ತಿರುಗಿದರೂ ಆ ಐವರು ತಪ್ಪುವುದಿಲ್ಲ, ಯಾರು ಆ ಐವರು ಎಂಬುದಷ್ಟೇ ಬದಲಾದೀತು. ಹತ್ತಿ ಹೊಲದಲ್ಲಿ ಹೀಗಿಲ್ಲ. ಎಲ್ಲರೂ ಮನಸ್ಸಿಟ್ಟು ಕಳೆ ತೆಗೆದರೆ ಎಲ್ಲರ ಹೊಲದಲ್ಲೂ ಇಳುವರಿ ಹೆಚ್ಚೀತು.

ಸೋತವನನ್ನು ದುಡಿಯದವನು ಎಂದು ಕರೆಯುವುದು ಈ ಧಂದೆಯ ಅತ್ಯಂತ ಹೊಲಸು ಕೆಲಸ. ಅದನ್ನು ಅವನೂ ನಂಬುತ್ತಾನೆ. ನಂಬಿದವನು ಠಾಣೆಗೆ ಹೋಗುವುದಿಲ್ಲ. ಹೋದರೂ, ತನ್ನ ನಾದಿನಿಯನ್ನು ಸೇರಿಸಿದವನು ಯಾರ ಮೇಲೆ ದೂರು ಕೊಡಬೇಕು?

ನಮ್ಮ ಹೆಣ್ಣುಮಕ್ಕಳ ಭಿಶಿ ಇದಕ್ಕಿಂತ ಎಷ್ಟೋ ಜಾಣತನದ್ದು. ಹನ್ನೆರಡು ಜನ, ತಿಂಗಳಿಗೆ ಐನೂರು, ಚೀಟಿ ಎತ್ತಿದವರಿಗೆ ಆರು ಸಾವಿರ. ಮೊದಲ ತಿಂಗಳು ಎತ್ತಿದವಳಿಗೆ ಬಡ್ಡಿಯಿಲ್ಲದ ಸಾಲ, ಕೊನೆಗೆ ಎತ್ತಿದವಳಿಗೆ ಕೂಡಿಟ್ಟ ಗಂಟು. ಕೊನೆಯವಳು ಕಳೆದುಕೊಳ್ಳುವುದು ಒಂದಿಷ್ಟು ತಾಳ್ಮೆಯನ್ನು ಮಾತ್ರ. ಹದಿಮೂರನೆಯವಳು ಬಂದು ತುಂಬಲಿ ಎಂದು ಯಾರೂ ಬಾಗಿಲು ಕಾಯುವುದಿಲ್ಲ. ಭಿಶಿಯಲ್ಲೂ ಓಡಿಹೋದವರಿದ್ದಾರೆ, ನಮ್ಮ ಮನೆಯವರ ಐನೂರರ ನಾಲ್ಕು ಕಂತು ಹಾಗೆಯೇ ಹೋಗಿದೆ. ಆದರೆ ಅಲ್ಲಿ ಮೋಸವಾದರೆ ಒಬ್ಬಳು ಕೆಟ್ಟವಳಾಗಿರಬೇಕು. ಇಲ್ಲಿ ಎಲ್ಲರೂ ಸಜ್ಜನರಾಗಿದ್ದೂ ಹೆಚ್ಚಿನವರು ಮುಳುಗುತ್ತಾರೆ.

ಅಡತಿ ಅಂಗಡಿಯಲ್ಲೂ ಕಮಿಷನ್ ಇಲ್ಲವೇ, ವಿಮಾ ಏಜೆಂಟನೂ ನೆಂಟರ ಮನೆಗೇ ಮೊದಲು ಬರುವುದಿಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ತೊಗರಿಯ ಚೀಲ ಅಡತಿಯಿಂದ ದಾಲ್ ಮಿಲ್ಲಿಗೆ ಹೋಗುತ್ತದೆ, ಅಲ್ಲಿಂದ ಯಾರದೋ ಮನೆಯ ಸಾರಿಗೆ. ದುಡ್ಡು ಬರುವುದು ಉಣ್ಣುವವನಿಂದ, ಅವನು ಅಡತಿದಾರನಾಗಬೇಕೆಂದು ಯಾರೂ ಕೇಳುವುದಿಲ್ಲ. ಪಾಲಿಸಿ ಕೊಂಡವನೂ ಏಜೆಂಟನಾಗಬೇಕಿಲ್ಲ.

ನನಗೆ ಕಷ್ಟವಾಗುವುದು ಇನ್ನೊಂದು ವಾದದ ಎದುರು. ಮಳೆ ಕೈಕೊಟ್ಟರೆ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುವ ಜಿಲ್ಲೆ ಇದು. ಕೃಷ್ಣೆಯ ಕಾಲುವೆ ನೀರು ಬಂದ ಕಡೆ ಭತ್ತ ಬೆಳೆದಿದೆ, ಆದರೆ ಡಿಗ್ರಿ ಓದಿದವರಿಗೆ ಕೆಲಸ ಬೆಳೆದಿಲ್ಲ. ಮನೆ ಬಿಟ್ಟು ಹೊರಬರದ ಹೆಣ್ಣುಮಗಳೊಬ್ಬಳು ಇಂಥ ಕಂಪನಿಯ ಸಭೆಯಲ್ಲಿ ಮೈಕ್ ಹಿಡಿದು ಮಾತಾಡಿದಾಗ, ಜನ ಅವಳನ್ನು ‘ಮೇಡಂ’ ಎಂದು ಕರೆದಾಗ ಅವಳಿಗೆ ಸಿಕ್ಕದ್ದು ಸುಳ್ಳಲ್ಲ. ನಾವು ಮೇಷ್ಟರುಗಳು ಅವಳಿಗೆ ಆ ಮೈಕ್ ಕೊಟ್ಟಿರಲಿಲ್ಲ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆ ಮೈಕಿನ ಬಾಡಿಗೆ ಅವಳ ಅಕ್ಕತಂಗಿಯರ ದುಡ್ಡಿನಿಂದ ಹೋಗುತ್ತದೆ ಎಂದಷ್ಟೇ ಹೇಳಬಲ್ಲೆ.

ಅವರ ದುಡ್ಡು ಹೋದರೆ ಅದರ ಜೊತೆ ಇನ್ನೊಂದೂ ಹೋಗುತ್ತದೆ. ನಡುರಾತ್ರಿ ಯಾರಿಗೋ ಎದೆನೋವು ಬಂದು ರಾಯಚೂರಿಗೋ ಕಲಬುರಗಿಗೋ ಗಾಡಿ ಹೊರಟಾಗ ನಮ್ಮ ಭಾಗದಲ್ಲಿ ನಡೆಯುವುದು ಕೈಗಡ. ಕಾಗದವಿಲ್ಲ, ಸಾಕ್ಷಿಯಿಲ್ಲ, ಮಾವನೋ ಕಾಕಾನೋ ಐದು ಸಾವಿರ ಜೇಬಿಗೆ ತುರುಕುತ್ತಾನೆ. ಬಡವರಿಗಿರುವ ವಿಮೆ ಅದೊಂದೇ. ಡಬ್ಬಿ ಹಿಡಿದು ಮನೆಮನೆ ತಿರುಗಿದವನ ಹೆಸರು ಮೊಬೈಲಿನಲ್ಲಿ ಕಂಡರೆ ಅದೇ ಕಾಕಾ ಫೋನು ಮಗ್ಗುಲಿಗೆ ಹಾಕುತ್ತಾನೆ. ಈ ನಷ್ಟ ಯಾವ ಕಂಪನಿಯ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ.

ಆದ್ದರಿಂದ, ನಿಮ್ಮ ಪಡಸಾಲೆಗೂ ಬಿಳಿ ಹಾಳೆ ಬಂದರೆ ಜಗಳಾಡಬೇಡಿ, ಚಹಾ ಕೊಡಿ. 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟದ ನಿಯಮಗಳಂತೆ ಸೇರಲು ಶುಲ್ಕ ಕೇಳುವಂತಿಲ್ಲ. ಕೇಳಿದರೆ ಮಾತು ಅಲ್ಲಿಗೇ ಮುಗಿಯಿತು. ಕೇಳದಿದ್ದರೆ ಇನ್ನೊಂದು ಕೆಲಸ ಮಾಡಿ. ಕಮಿಷನ್ ನಿಜವಾಗಿ ದೊಡ್ಡದಿದ್ದರೆ ಅದರಲ್ಲಿ ತೆರಿಗೆ ಮುರಿದಿರುತ್ತಾರೆ, ಆ ಲೆಕ್ಕ ಆದಾಯ ತೆರಿಗೆ ಇಲಾಖೆಯ ಫಾರ್ಮ್ 26ಎಎಸ್‌ನಲ್ಲಿ ಬರುತ್ತದೆ. ಕಾರಿನ ಮುಂದೆ ನಿಂತ ಫೋಟೋ ಬೇಡಪ್ಪ, ನಿನ್ನ 26ಎಎಸ್ ತೋರಿಸು ಎನ್ನಿ. ಆ ಹುಡುಗನಿಗೂ ಫೋನು ಮಾಡಿ ಅದನ್ನೇ ಕೇಳಿದೆ. ನಮ್ಮ ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದ. ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ.