ಅಮ್ಮ ಯೂಸರ್ ನಂಬರ್ ಎರಡು

ಕಳೆದ ತಿಂಗಳು ಒಂದು ಮಧ್ಯಾಹ್ನ ಆಫೀಸಿನಲ್ಲಿ ಮೀಟಿಂಗ್ ನಡೀತಾ ಇತ್ತು. ಅಮ್ಮನ ಫೋನ್ ಬಂತು. ಆ ಹೊತ್ತಿನಲ್ಲಿ ಅಮ್ಮ ಯಾವತ್ತೂ ಫೋನ್ ಮಾಡೋಲ್ಲ. ಎತ್ತಿದೆ.

"ಬಾಗಿಲು ತೆಗೀತಾ ಇಲ್ಲ ಕಣೋ. ನಂಬರ್ ಒತ್ತಿದ್ರೆ ಲೈಟೇ ಬರ್ತಿಲ್ಲ."

ಕೊತ್ತಂಬರಿ ಸೊಪ್ಪು ತರೋಕೆ ಅಂತ ಕೆಳಗೆ ಇಳಿದಿದ್ದರಂತೆ. ವಾಪಸ್ ಬಂದರೆ ಬಾಗಿಲಿನ ಮೇಲಿರೋ ನಮ್ಮ ನಂಬರ್ ಬೀಗ ಸತ್ತುಬಿದ್ದಿದೆ. ನಾನಿದ್ದಿದ್ದು ಊರಿನ ಇನ್ನೊಂದು ತುದಿಯಲ್ಲಿ. ಬೆಂಗಳೂರಿನ ಟ್ರಾಫಿಕ್ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಮನೆ ಮುಟ್ಟೋಕೆ ಎರಡು ಗಂಟೆ ಹಿಡೀತು. ಅಮ್ಮ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸಿ ಮುಗಿಸಿದ್ದರು. ಮಧ್ಯಾಹ್ನದ ಸಕ್ಕರೆ ಕಾಯಿಲೆ ಮಾತ್ರೆ ಒಳಗಿತ್ತು, ಊಟವೂ ಒಳಗಿತ್ತು. ಬೀಗದ ಜೊತೆ ಬಂದಿದ್ದ ಎರಡು ತುರ್ತು ಕೀಗಳೂ ಒಳಗೇ, ಬೀರುವಿನ ಲಾಕರಿನಲ್ಲಿ "ಜೋಪಾನವಾಗಿ" ಇದ್ದವು. ಇಟ್ಟಿದ್ದು ನಾನೇ!

ಮೆಟ್ಟಿಲ ಮೇಲೆ ಅಮ್ಮನ ಪಕ್ಕ ಕೂತು ಮೊಬೈಲಿನಲ್ಲಿ ಆ ಬೀಗದ ಮ್ಯಾನುಯಲ್ ಹುಡುಕಿ ಓದಿದೆ. ಅದನ್ನು ಓದಿದ್ದು ಜೀವಮಾನದಲ್ಲಿ ಅದೇ ಮೊದಲ ಸಲ. ಕೀಪ್ಯಾಡಿನ ಕೆಳ ಅಂಚಿನಲ್ಲಿ ಎರಡು ಪುಟ್ಟ ಲೋಹದ ಚುಕ್ಕೆಗಳಿವೆ, ಅವಕ್ಕೆ ಒಂಬತ್ತು ವೋಲ್ಟಿನ ಬ್ಯಾಟರಿ ಮುಟ್ಟಿಸಿ ಹಿಡಿದುಕೊಂಡೇ ನಂಬರ್ ಒತ್ತಿ ಅಂತ ಇತ್ತು. ಚೌಕಾಕಾರದ, ತಲೆ ಮೇಲೆ ಎರಡು ಗುಂಡಿ ಇರೋ ಬ್ಯಾಟರಿ. ಕೆಳಗಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಕ್ಕಿತು. ಮುಟ್ಟಿಸಿದೆ, ಲೈಟ್ ಬಂತು, ನಂಬರ್ ಒತ್ತಿದೆ, ಬಾಗಿಲು ತೆರೆಯಿತು. ಒಟ್ಟು ಹತ್ತು ನಿಮಿಷದ ಕೆಲಸ. ಫೋನಿನಲ್ಲೇ ಅಮ್ಮನಿಗೆ ಹೇಳಿದ್ದರೆ ಎರಡು ಗಂಟೆ ಹಿಂದೆಯೇ ಆಗಿಹೋಗಬೇಕಿದ್ದ ಕೆಲಸ...

ಈಗ ನಾಚಿಕೆಯ ವಿಷಯಕ್ಕೆ ಬರ್ತೀನಿ. ಇಂಥ ಬೀಗಗಳಲ್ಲಿ ಸಾಮಾನ್ಯವಾಗಿ ನಾಲ್ಕು ಪೆನ್ಸಿಲ್ ಸೆಲ್ ಇರುತ್ತವೆ. ಅವು ಒಂದೇ ದಿನ ಹೇಳದೆ ಕೇಳದೆ ಸಾಯೋದಿಲ್ಲ. ಮುಂಚೆಯೇ ಕೀಂ ಕೀಂ ಅಂತ ಕೂಗಿ, ಕೆಂಪು ದೀಪ ಮಿಣುಕಿಸಿ ಹೇಳ್ತವೆ. ನಮ್ಮ ಬೀಗವೂ ಹೇಳಿತ್ತು. ಅದಕ್ಕೂ ಎರಡು ವಾರದ ಹಿಂದೆ ಅಮ್ಮ "ನಿನ್ನ ಬೀಗ ಈಗೀಗ ಹಾಡೋಕೆ ಶುರು ಮಾಡಿದೆ ನೋಡು" ಅಂದಿದ್ದರು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಹೂಂ" ಅಂದಿದ್ದೆ. ಬೀಗ ಅಮ್ಮನಿಗೆ ಹೇಳಿತು, ಅಮ್ಮ ನನಗೆ ಹೇಳಿದರು. ಕೇಳಿಸಿಕೊಳ್ಳದವನು ನಾನೊಬ್ಬನೇ.

ಆಮೇಲೆ ಆಫೀಸಿನ ಗೆಳೆಯರೆಲ್ಲ ಸಲಹೆ ಕೊಟ್ಟರು. "ಅದನ್ನ ಕಿತ್ತು ಹಾಕಿ ಹಳೇ ಬೀಗ ಹಾಕಿಸು" ಅಂದರು ಕೆಲವರು. "ಬೆರಳಚ್ಚಿನದು ಹಾಕಿಸು" ಅಂದರು ಇನ್ನು ಕೆಲವರು. ನಾನು ಎರಡನ್ನೂ ಒಪ್ಪೋದಿಲ್ಲ.

ಬೆರಳಚ್ಚಿನ ಮಾತು ಮೊದಲು. ಐವತ್ತು ವರ್ಷ ಪಾತ್ರೆ ತಿಕ್ಕಿ, ಅಡಿಕೆ ಸುಲಿದ ಕೈಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತೆ? ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತೋ ಮೆಷಿನ್ ಮುಂದೆ ವಯಸ್ಸಾದವರು ಬೆರಳು ಒರೆಸಿ ಒರೆಸಿ ಇಡೋದನ್ನ ನೀವೂ ನೋಡಿರ್ತೀರಿ. ಅದೇ ಪಾಡನ್ನ ಮನೆ ಬಾಗಿಲಿಗೂ ತರೋದು ಬೇಡ.

ಇನ್ನು ಹಳೇ ಬೀಗ. ಊರಲ್ಲಿ, ಸಾಗರದ ಹತ್ತಿರದ ನಮ್ಮ ಮನೆಯಲ್ಲಿ, ಹಗಲು ಹೊತ್ತು ಬಾಗಿಲಿಗೆ ಚಿಲಕವನ್ನೂ ಹಾಕ್ತಿರಲಿಲ್ಲ. ಎಲ್ಲಿಗಾದರೂ ಹೋಗೋದಿದ್ದರೆ ಬೀಗ ಹಾಕಿ ಬೀಗದ ಕೈ ಪಕ್ಕದ ಮನೆಗೆ ಕೊಟ್ಟು ಹೋಗೋದು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಪಕ್ಕದ ಮನೆಯವರ ಹೆಸರೇ ಗೊತ್ತಿರೋಲ್ಲ. ಕೀ ಕಳೆದುಹೋದರೆ ಬೀಗವನ್ನೇ ಬದಲಿಸಬೇಕು. ನಂಬರ್ ಬೀಗದಲ್ಲಿ ಆ ತಾಪತ್ರಯ ಇಲ್ಲ. ಊರಿಂದ ಮಾವ ಬಂದು ಬಾಗಿಲಲ್ಲಿ ನಿಂತರೆ ಫೋನಿನಲ್ಲೇ ಒಂದು ನಂಬರ್ ಕೊಟ್ಟು, ಅವರು ಹೋದಮೇಲೆ ಅದನ್ನು ಅಳಿಸಿಬಿಡಬಹುದು. ಇದು ನಿಜವಾಗಿಯೂ ಒಳ್ಳೇ ಸೌಲಭ್ಯ.

ಹಾಗಾದರೆ ತಪ್ಪಾಗಿದ್ದು ಎಲ್ಲಿ? ಮೆಟ್ಟಿಲ ಮೇಲೆ ಮ್ಯಾನುಯಲ್ ಓದ್ತಾ ಇದ್ದಾಗ ನನಗೆ ಹೊಳೆದಿದ್ದು ಇದು. ಈ ಬೀಗಗಳಲ್ಲಿ ಎರಡು ತರದ ನಂಬರ್ ಇರುತ್ತವೆ. ಒಂದು ಮಾಸ್ಟರ್ ಕೋಡ್. ಅದು ಗೊತ್ತಿರೋರು ಬೇರೆಯವರಿಗೆ ನಂಬರ್ ಕೊಡಬಹುದು, ಕಿತ್ತುಕೊಳ್ಳಬಹುದು. ಇನ್ನೊಂದು ಯೂಸರ್ ಕೋಡ್. ಅದಿದ್ದವರು ಬಾಗಿಲು ತೆಗೀಬಹುದು, ಅಷ್ಟೇ. ಹಾಕಿಸಿದ ದಿನ ನಾನು ಮಾಸ್ಟರ್ ಕೋಡ್ ನನ್ನ ಹತ್ತಿರ ಇಟ್ಟುಕೊಂಡೆ. ನನ್ನನ್ನು ಯೂಸರ್ ಒಂದು, ಅಮ್ಮನನ್ನು ಯೂಸರ್ ಎರಡು ಅಂತ ಸೇರಿಸಿ, "ಈ ನಂಬರ್ ಒತ್ತಿದ್ರೆ ಸಾಕು" ಅಂತ ಹೇಳಿ ಕೈ ತೊಳಕೊಂಡೆ.

ಸ್ವಲ್ಪ ಯೋಚನೆ ಮಾಡಿ. ಊರಲ್ಲಿ ಬೀಗದ ಕೈ ಗೊಂಚಲು ಅಮ್ಮನ ಸೊಂಟದಲ್ಲಿತ್ತು. ಅದಕ್ಕೂ ಮುಂಚೆ ಅಜ್ಜಿಯ ಸೊಂಟದಲ್ಲಿತ್ತು. ಅಜ್ಜಿ ಅದನ್ನ ಸೊಸೆಯ ಕೈಗೆ ಕೊಟ್ಟ ದಿನ ಅಂದರೆ ಮನೆಯ ಯಜಮಾನಿಕೆಯನ್ನೇ ಕೊಟ್ಟ ದಿನ. ಉಗ್ರಾಣ, ಪೆಟ್ಟಿಗೆ, ಬೀರು, ಎಲ್ಲ ಅಮ್ಮನ ಕೈಯಲ್ಲಿ. ಅಪ್ಪನೂ ಕೇಳಿ ಇಸ್ಕೋಬೇಕಿತ್ತು. ಅಂಥ ಅಮ್ಮನನ್ನ ನಾನು ಬೆಂಗಳೂರಿಗೆ ಕರಕೊಂಡು ಬಂದು, ದಿನವಿಡೀ ಮನೆಯಲ್ಲಿರೋ ಅವರನ್ನೇ ಯೂಸರ್ ನಂಬರ್ ಎರಡು ಮಾಡಿಟ್ಟಿದ್ದೆ. ಕೆಲಸದವಳು ಬರೋ ಹೊತ್ತು ಬದಲಾದರೆ ಹೊಸ ನಂಬರ್‌ಗೆ ಅಮ್ಮ ನನ್ನನ್ನೇ ಕೇಳಬೇಕಿತ್ತು. ಬೀಗ ಕೂಗಿದರೂ ನನಗೇ ಹೇಳಬೇಕಿತ್ತು. ನಾನೋ, "ಹೂಂ" ಅನ್ನೋನು.

ಅದಕ್ಕೇ ನನ್ನ ವಾದ ಇಷ್ಟು. ಮಾಸ್ಟರ್ ಕೋಡ್ ಮನೆಯಲ್ಲಿ ಹೆಚ್ಚು ಹೊತ್ತು ಇರೋರ ಕೈಯಲ್ಲಿರಬೇಕು. ಬೀಗ ಕೊಂಡವರ, ಇಂಗ್ಲಿಷ್ ಬರೋರ, ಆಫೀಸಿಗೆ ಹೋಗೋರ ಕೈಯಲ್ಲಲ್ಲ. "ಅಮ್ಮಂಗೆ ಇದೆಲ್ಲ ಅರ್ಥ ಆಗಲ್ಲ" ಅನ್ನೋದು ನಮ್ಮ ಸೋಮಾರಿತನಕ್ಕೆ ನಾವು ಇಟ್ಟಿರೋ ಹೆಸರು. ನೂರಾರು ಕ್ವಿಂಟಾಲ್ ಅಡಿಕೆ ಲೆಕ್ಕ ನೋಡಿದವರಿಗೆ ಆರಂಕಿಯ ನಂಬರ್ ಕಷ್ಟವೇ?

ಕಷ್ಟ ಇರೋದು ಇಂಗ್ಲಿಷ್ ಮ್ಯಾನುಯಲ್ಲಿನಲ್ಲಿ. ನಮ್ಮ ಬೀಗದ ಪುಸ್ತಕದಲ್ಲಿ ಕನ್ನಡ ಒಂದಕ್ಷರ ಇಲ್ಲ. ಕನ್ನಡದಲ್ಲಿ ಒಂದು ಪುಟ ಹಾಕಿದ್ದರೆ ಕಂಪನಿ ಗಂಟೇನು ಹೋಗ್ತಿತ್ತು? ಅವರು ಮಾಡಲಿಲ್ಲ, ನಾನು ಮಾಡಿದೆ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದೀನಿ. ನಿಮಗೂ ಉಪಯೋಗಕ್ಕೆ ಬರಬಹುದು ಅಂತ ಇಲ್ಲಿ ಹಾಕ್ತೀನಿ:

1. ಮೂರು ಸಲ ಕೂಗಿ ಕೆಂಪು ದೀಪ ಬಂದರೆ ಸೆಲ್ ಬದಲಿಸಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು, ಹಳೇದು ಹೊಸದು ಬೆರೆಸಬಾರದು. ಆಲ್ಕಲೈನ್ ಸೆಲ್ಲೇ ಹಾಕಬೇಕು. ಚಾರ್ಜ್ ಮಾಡೋ ಸೆಲ್ 1.5 ವೋಲ್ಟ್ ಬದಲು 1.2 ವೋಲ್ಟ್ ಇರುತ್ತೆ, ಹಾಗಾಗಿ ಬೀಗಕ್ಕೆ ಲೆಕ್ಕ ತಪ್ಪುತ್ತೆ.

2. ಸೆಲ್ ಪೂರ್ತಿ ಸತ್ತರೂ ಬೀಗ ನಂಬರ್ ಮರೆಯೋದಿಲ್ಲ. ಕೆಳಗಿನ ಚುಕ್ಕೆಗೆ ಒಂಬತ್ತು ವೋಲ್ಟ್ ಬ್ಯಾಟರಿ ಮುಟ್ಟಿಸಿ ನಂಬರ್ ಒತ್ತಬೇಕು. (ಕೆಲವು ಬೀಗಗಳಲ್ಲಿ ಯುಎಸ್‌ಬಿ ತೂತು ಇರುತ್ತೆ, ಪವರ್ ಬ್ಯಾಂಕ್ ಸಾಕು.)

3. ತುರ್ತು ಕೀ ಮನೆ ಒಳಗೆ ಇಡಬಾರದು!

4. ಹೊಸ ನಂಬರ್ ಸೇರಿಸುವಾಗ ಬಾಗಿಲು ತೆರೆದಿಟ್ಟು ಸೇರಿಸಬೇಕು. ಬಾಗಿಲು ತೆರೆದಿದ್ದಾಗಲೇ ಎರಡು ಸಲ ಒತ್ತಿ ನೋಡಿ, ಆಮೇಲೆ ಮುಚ್ಚಬೇಕು.

5. ಒಬ್ಬೊಬ್ಬರಿಗೆ ಒಂದೊಂದು ನಂಬರ್. ಯಾರದು ಎಷ್ಟನೇ ಸಾಲಿನಲ್ಲಿದೆ ಅಂತ ಬರೆದಿಡಬೇಕು, ಇಲ್ಲದಿದ್ದರೆ ಒಬ್ಬರದನ್ನು ಅಳಿಸೋಕೆ ಎಲ್ಲರದನ್ನೂ ಅಳಿಸಬೇಕಾಗುತ್ತೆ.

6. 1234 ಬೇಡ, ಹುಟ್ಟಿದ ಇಸವಿ ಬೇಡ. ವಾರಕ್ಕೊಮ್ಮೆ ಕೀಪ್ಯಾಡ್ ಒರೆಸಬೇಕು. ನಾಲ್ಕಂಕಿಗೆ ಹತ್ತು ಸಾವಿರ ನಂಬರ್ ಸಾಧ್ಯ. ಆದರೆ ನಾಲ್ಕೇ ಗುಂಡಿ ಮೇಲೆ ಎಣ್ಣೆ ಕೈ ಗುರುತು ಇದ್ದರೆ ಕಳ್ಳನಿಗೆ ಉಳಿಯೋದು 24 ಮಾತ್ರ.

7. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚಿಲಕ ಉಜ್ಜಿದರೆ ಬಡಗಿಯನ್ನ ಕರೀಬೇಕು. ಮೋಟಾರ್ ತಿಣುಕಿದಷ್ಟೂ ಸೆಲ್ ಬೇಗ ಮುಗಿಯುತ್ತೆ.

ಹೋದ ಭಾನುವಾರ ಬಾಗಿಲು ತೆರೆದಿಟ್ಟು, ಸ್ಟೂಲ್ ಹಾಕಿ ಅಮ್ಮನನ್ನು ಕೂರಿಸಿ, ಬೀಗವನ್ನ ಪೂರ್ತಿ ರೀಸೆಟ್ ಮಾಡಿದೆ. ಮಾಸ್ಟರ್ ಕೋಡ್ ಅವರೇ ಹಾಕಿಕೊಂಡರು. "ಆ ಕಡೆ ತಿರುಗು" ಅಂದರು, ತಿರುಗಿದೆ :-) ಮೊದಲ ಸಲ ತಪ್ಪಿತು, ಎರಡನೇ ಸಲ ಸರಿ ಹೋಯ್ತು. ಆಮೇಲೆ ಕೆಲಸದವಳಿಗೊಂದು ನಂಬರ್ ಕೊಟ್ಟರು. ಒಂಬತ್ತು ವೋಲ್ಟಿನ ಬ್ಯಾಟರಿಯನ್ನು ತಮ್ಮ ತರಕಾರಿ ಚೀಲದ ಸಣ್ಣ ಜೇಬಿಗೆ ಹಾಕಿಕೊಂಡರು. ತುರ್ತು ಕೀ ಒಂದನ್ನು ಎದುರು ಫ್ಲ್ಯಾಟಿನ ಅಜ್ಜಿಗೆ ಕೊಟ್ಟು ಬಂದರು. ಆ ಅಜ್ಜಿ ಹಾಸನದ ಕಡೆಯವರು ಅಂತ ನನಗೆ ಗೊತ್ತಾಗಿದ್ದೇ ಆವತ್ತು, ಮೂರು ವರ್ಷದ ಮೇಲೆ.

ಕೊನೆಗೆ ನನಗೂ ಒಂದು ನಂಬರ್ ಸಿಕ್ಕಿತು. "ರಾತ್ರಿ ಹನ್ನೊಂದರ ಮೇಲೆ ಬಂದ್ರೆ ಅಳಿಸಿಬಿಡ್ತೀನಿ ನೋಡು" ಅಂತ ಎಚ್ಚರಿಕೆಯೂ ಸಿಕ್ಕಿತು.

ನಿಮ್ಮ ಮನೆಯಲ್ಲೂ ಇಂಥ ಬೀಗ ಇದ್ದರೆ ಮಾಸ್ಟರ್ ಕೋಡ್ ಯಾರ ಹತ್ತಿರ ಇದೆ? ತುರ್ತು ಕೀ ಎಲ್ಲಿದೆ? ಬೀರು ಒಳಗಿದ್ದರೆ ಇವತ್ತೇ ಹೊರಗೆ ತೆಗೀರಿ, ಆಮೇಲೆ ಬಂದು ನನ್ನ ವಾದ ಸರಿಯೋ ತಪ್ಪೋ ಹೇಳಿ.