ಹಳೇ ಕಾರಿನ ಎಂಜಿನ್, ಹೊಸ ಕಾರಿನ ಬೆನ್ನಿಗೆ

ಶಿವಮೊಗ್ಗದಿಂದ ಓದುಗರೊಬ್ಬರು ಬರೆದಿದ್ದಾರೆ. ಮಗ-ಸೊಸೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದಾರೆ. ಮಗ ಅಪಘಾತವಾದ ಹಳೇ ಸುಬಾರು ಕಾರೊಂದನ್ನು ತಂದು ಪೂರ್ತಿ ಬಿಚ್ಚಿ ಹಾಕಿದ್ದಾನೆ. ಅದರ ಎಂಜಿನ್ನನ್ನು ಬೇರೊಂದು ಚೌಕಟ್ಟಿನಲ್ಲಿ, ಸೀಟಿನ ಹಿಂದೆ ಕೂರಿಸಿ ಹೊಸ ಕಾರು ಮಾಡ್ತಾನಂತೆ. “ವಿಡಿಯೊ ಕಾಲ್ ಮಾಡಿದ್ರೆ ಗ್ಯಾರೇಜ್ ತುಂಬಾ ನಟ್ಟು-ಬೋಲ್ಟು. ಸೊಸೆ ಮುಖ ಊದಿಸ್ಕೊಂಡಿರ್ತಾಳೆ. ಒಳ್ಳೇ ಕೆಲಸದಲ್ಲಿರೋ ಹುಡುಗನಿಗೆ ಈ ಗುಜರಿ ಸಹವಾಸ ಯಾಕೆ? ಸುಮ್ನೆ ಬಿಟ್ಬಿಡು ಅಂತ ಹೇಳ್ಲಾ?” ಅಂತ ಕೇಳಿದ್ದಾರೆ.

ಹೇಳೋದಕ್ಕೆ ಮುಂಚೆ ಅವನು ಮಾಡ್ತಿರೋದು ಏನು ಅಂತ ಸ್ವಲ್ಪ ನೋಡೋಣ. ಇದು ಹುಚ್ಚಾಟವಲ್ಲ. ಹಾಗಂತ ಮಕ್ಕಳಾಟವೂ ಅಲ್ಲ. ಕಷ್ಟ ಇರೋದು ನಾವು ಅಂದುಕೊಂಡ ಜಾಗದಲ್ಲಿ ಮಾತ್ರ ಅಲ್ಲ.

ಇದಕ್ಕೆ ಕಿಟ್ ಕಾರ್ ಅಂತಾರೆ. ಚೌಕಟ್ಟು, ಮೈಕವಚ, ಒಂದಷ್ಟು ಬಿಡಿಭಾಗಗಳನ್ನು ಕಂಪನಿ ಕಳಿಸುತ್ತದೆ. ಎಂಜಿನ್, ಗೇರ್‌ಬಾಕ್ಸ್, ಚಕ್ರದ ಹಬ್ಬು, ಬ್ರೇಕು, ಸ್ಟೀರಿಂಗ್, ವೈರಿಂಗ್ ಎಲ್ಲ ನಾವೇ ಒಂದು ಹಳೇ ಕಾರಿನಿಂದ ತೆಗೆದು ಜೋಡಿಸಬೇಕು. ಆ ಹಳೇ ಕಾರಿಗೆ ‘ಡೋನರ್’ ಅನ್ನುತ್ತಾರೆ, ಅಂದರೆ ದಾನಿ. ರಕ್ತದಾನಿ ಇದ್ದ ಹಾಗೆ ಅಲ್ಲ, ಇದು ಪೂರ್ತಿ ದೇಹದಾನ.

ಮ್ಯಾಸಚೂಸೆಟ್ಸ್‌ನ ವೇರ್‌ಹ್ಯಾಮ್ ಅನ್ನೋ ಊರಿನಲ್ಲೇ ಫ್ಯಾಕ್ಟರಿ ಫೈವ್ ಅಂತ ಒಂದು ಕಿಟ್ ಕಂಪನಿ ಇದೆ. ಅವರ ‘818’ ಅನ್ನೋ ಕಾರಿಗೆ ದಾನಿ 2002ರಿಂದ 2007ರವರೆಗಿನ ಸುಬಾರು ಇಂಪ್ರೆಜಾ ಡಬ್ಲ್ಯೂಆರ್‌ಎಕ್ಸ್. ಕಾರಿನ ತೂಕ 818 ಕಿಲೋ ಇರಬೇಕು ಅನ್ನೋ ಗುರಿಯೇ ಅದರ ಹೆಸರಾಯಿತು. ಮೂಲ ಸುಬಾರು ಸುಮಾರು 1400 ಕಿಲೋ. ಎಂಜಿನ್ ಅದೇ, ಎಳೆಯಬೇಕಾದ ಭಾರ ಮಾತ್ರ ಅಷ್ಟು ಕಡಿಮೆ. ಗಾಡಿಗೆ ಕಟ್ಟಿದ ಎತ್ತು ಅದೇ ಇದ್ದು, ಗಾಡಿಯಲ್ಲಿದ್ದ ಮೂಟೆ ಇಳಿಸಿದರೆ ಹೇಗೋ ಹಾಗೆ.

ಹಿಂದಕ್ಕೆ ಇಡೋದು ಯಾಕೆ ಅಂತೀರಾ? ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡು ಗಕ್ಕನೆ ತಿರುಗಿ ನೋಡಿ. ಅದೇ ಕೊಡವನ್ನು ಕೈ ಚಾಚಿ ಹಿಡಿದು ತಿರುಗಿ ನೋಡಿ. ಎರಡನೇ ಸಲ ಮೈ ತಿರುಗೋದೂ ನಿಧಾನ, ನಿಲ್ಲೋದೂ ನಿಧಾನ. ಕಾರಿನಲ್ಲಿ ಎಲ್ಲಕ್ಕಿಂತ ಭಾರದ ವಸ್ತು ಎಂಜಿನ್. ಅದು ಮೂಗಿನ ತುದಿಯಲ್ಲಿದ್ದರೆ ಚಾಚಿದ ಕೈಯಲ್ಲಿರೋ ಕೊಡ. ಸೀಟಿನ ಹಿಂದೆ, ಹಿಂದಿನ ಚಕ್ರಗಳಿಗಿಂತ ಮುಂದೆ ಇದ್ದರೆ ಸೊಂಟದ ಮೇಲಿನ ಕೊಡ. ಇದನ್ನೇ ಮಿಡ್-ಎಂಜಿನ್ ಅನ್ನೋದು. ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುತ್ತದೆ. ಆದರೆ ಒಮ್ಮೆ ಹಿಂಭಾಗ ಜಾರಿತೋ, ಗಿರ್ರನೆ ತಿರುಗೋದೂ ಅಷ್ಟೇ ಬೇಗ. ಈ ಎರಡನೇ ಮಾತು ನೆನಪಿಟ್ಟುಕೊಳ್ಳಿ.

ಸುಬಾರುವಿನಲ್ಲಿ ಒಂದು ಅನುಕೂಲ ಇದೆ. ಅದರ ಎಂಜಿನ್ನು, ಗೇರ್‌ಬಾಕ್ಸು, ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಭಾಗ ಮೂರೂ ಸೇರಿ ಒಂದೇ ಗಂಟು. ಎಂಜಿನ್ ಇರೋದು ಮುಂದಿನ ಚಕ್ರಗಳಿಗಿಂತ ಮುಂದೆ. ಆ ಗಂಟನ್ನು ತಿರುಗಿಸದೆ, ಇದ್ದ ಹಾಗೇ ಹಿಂದಕ್ಕೆ ಒಯ್ದರೆ ಎಂಜಿನ್ ಹಿಂದಿನ ಚಕ್ರಗಳಿಗಿಂತ ಮುಂದೆ ಬಂದು ಕೂರುತ್ತದೆ. ಅಲ್ಲಿಗೆ ಮಿಡ್-ಎಂಜಿನ್ ಆಯಿತು! ಮುಂದಿನ ಚಕ್ರ ಎಳೆಯುತ್ತಿದ್ದದ್ದು ಈಗ ಹಿಂದಿನ ಚಕ್ರ ತಳ್ಳುತ್ತದೆ. ಸುಬಾರು ನಾಲ್ಕೂ ಚಕ್ರ ಓಡಿಸುವ ಕಾರಾದ್ದರಿಂದ, ಹಿಂದಕ್ಕೆ ಹೋಗುತ್ತಿದ್ದ ದಾರಿಯೊಂದನ್ನು ಗೇರ್‌ಬಾಕ್ಸ್‌ನಲ್ಲೇ ಮುಚ್ಚಬೇಕು. ಅಪ್ಪಿತಪ್ಪಿ ಇಂಥ ಗಂಟನ್ನು ಹಿಂದುಮುಂದಾಗಿ ಕೂರಿಸಿದರೆ ಏನಾಗುತ್ತೆ ಗೊತ್ತಾ? ಮುಂದಕ್ಕೆ ಹೋಗಲು ಒಂದು ಗೇರು, ಹಿಂದಕ್ಕೆ ಹೋಗಲು ಐದು!

ಈ ಬುದ್ಧಿ ಹೊಸದೇನಲ್ಲ. 1946ರಲ್ಲಿ ಇಂಗ್ಲೆಂಡಿನ ಸರ್ಬಿಟನ್‌ನಲ್ಲಿ ಗ್ಯಾರೇಜ್ ನಡೆಸುತ್ತಿದ್ದ ಚಾರ್ಲ್ಸ್ ಕೂಪರ್ ಮತ್ತು ಮಗ ಜಾನ್ ಕೂಪರ್ ಎರಡು ಫಿಯಾಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ ಪುಟ್ಟ ರೇಸ್ ಕಾರು ಮಾಡಿದರು. ಹಾಕಿದ್ದು 500 ಸಿಸಿಯ ಮೋಟಾರ್‌ಸೈಕಲ್ ಎಂಜಿನ್. ಅದನ್ನು ಡ್ರೈವರ್ ಹಿಂದೆ ಇಟ್ಟದ್ದು ದೊಡ್ಡ ಸಿದ್ಧಾಂತದಿಂದಲ್ಲ, ಹಿಂದಿನ ಚಕ್ರಕ್ಕೆ ಚೈನ್ ಹಾಕಲು ಅದೇ ಸಲೀಸು ಅಂತ. ಅದೇ ದಾರಿಯಲ್ಲಿ ಬೆಳೆದ ಕೂಪರ್ ಕಾರಿನಲ್ಲಿ ಜಾಕ್ ಬ್ರಾಬಮ್ 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ಆಮೇಲೆ ಮುಂದೆ ಎಂಜಿನ್ ಇಟ್ಟ ಕಾರಿನಲ್ಲಿ ಯಾರೂ ಆ ಪಟ್ಟ ಗೆದ್ದಿಲ್ಲ.

ಅದೇ 1959ರಲ್ಲಿ ಮಿನಿ ಕಾರು ಬಂತು. ಅದರ ಎಂಜಿನ್, ಗೇರು, ಚಕ್ರ ಎಲ್ಲ ಒಂದು ಪುಟ್ಟ ಚೌಕಟ್ಟಿನಲ್ಲಿ ಕೂತಿರುತ್ತಿದ್ದವು. ಬೋಲ್ಟ್ ಬಿಚ್ಚಿದರೆ ಇಡಿಯಾಗಿ ಹೊರಗೆ. 1967ರಲ್ಲಿ ಬೆಳಕಿಗೆ ಬಂದ ಜಿಟಿಎಂ ಕಿಟ್ ಕಾರು ಮಾಡಿದ್ದು ಇಷ್ಟೇ: ಆ ಚೌಕಟ್ಟನ್ನು ಸೀಟಿನ ಹಿಂದಕ್ಕೆ ಸಾಗಿಸಿದ್ದು. ದೊಡ್ಡ ಕಂಪನಿಗಳೂ ಇದನ್ನೇ ಮಾಡಿವೆ. 1972ರ ಫಿಯಾಟ್ ಎಕ್ಸ್1/9 ಕಾರಿನ ಬೆನ್ನಿಗಿದ್ದದ್ದು ಮನೆಮಂದಿಯ ಕಾರು ಫಿಯಾಟ್ 128ರ ಎಂಜಿನ್. 1984ರ ಪಾಂಟಿಯಾಕ್ ಫಿಯೆರೊ ಕೂಡ ಸಾಧಾರಣ ಕಾರುಗಳ ಭಾಗಗಳಿಂದಲೇ ಹುಟ್ಟಿದ್ದು. ಅಂದಮೇಲೆ ನಿಮ್ಮ ಮಗ ಹಿಡಿದಿರೋದು ನಾಲ್ಕು ಜನ ನಡೆದ ದಾರಿಯೇ.

ಸರಿ, ಕಷ್ಟ ಎಲ್ಲಿದೆ? ಎಂಜಿನ್ ಎತ್ತಿ ಕೂರಿಸೋದು ಒಂದು ದಿನದ ಕೆಲಸ. ಬಾಡಿಗೆಗೆ ಕ್ರೇನ್ ಸಿಗುತ್ತದೆ, ಇಬ್ಬರು ಸ್ನೇಹಿತರು ಬಂದು ಕೈ ಹಾಕುತ್ತಾರೆ, ಫೋಟೊ ತೆಗೆದು ಮನೆಯವರಿಗೆಲ್ಲ ಕಳಿಸೋದೂ ಅವತ್ತೇ. ಹೃದಯ ಸಿಕ್ಕಿತು. ನರಗಳನ್ನು ಜೋಡಿಸೋದು ಉಳಿಯಿತು. ಇಂಥ ಕೆಲಸಗಳು ನಿಂತುಹೋಗೋದು ಇಲ್ಲೇ.

ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ. ನೀರು ಕಾರಿನ ಉದ್ದಕ್ಕೂ ಹೋಗಿ ಬರಬೇಕು. ನಡುವೆ ಎಲ್ಲಾದರೂ ಗಾಳಿ ಸಿಕ್ಕಿಕೊಂಡರೆ ಎಂಜಿನ್ ಕುದಿಯುತ್ತದೆ. ಗೇರ್ ಕೇಬಲ್ ಉದ್ದ ಬದಲಾಗುತ್ತದೆ, ಕ್ಲಚ್ ಪೈಪು ಹಿಂದಕ್ಕೆ ಎಳೆಯಬೇಕು. ವೈರಿಂಗಂತೂ ಬಣ್ಣಬಣ್ಣದ ಶಾವಿಗೆ ರಾಶಿ. ಕೀಲಿಕೈ ಮತ್ತು ಎಂಜಿನ್ ಕಂಪ್ಯೂಟರ್ ಒಂದಕ್ಕೊಂದು ಗುರುತು ಹಿಡಿಯುವ ಜೋಡಿಯಾದರೆ, ಕೀಲಿ ಕಳೆದರೆ ಎಂಜಿನ್ ಮಾತೇ ಆಡುವುದಿಲ್ಲ. ಅದಕ್ಕೇ ಅನುಭವಸ್ಥರು ಬಿಡಿ ಎಂಜಿನ್ ಕೊಳ್ಳದೆ ಇಡೀ ಕಾರನ್ನೇ ಕೊಳ್ಳುತ್ತಾರೆ. ಅದರಲ್ಲೂ ಹಿಂದಿನಿಂದ ಗುದ್ದಿಸಿಕೊಂಡ ಕಾರಾದರೆ ಉತ್ತಮ, ಮುಂದಿನ ಎಂಜಿನ್ ಗಂಟು ಸುರಕ್ಷಿತವಾಗಿರುತ್ತದೆ. ನೆರೆಯಲ್ಲಿ ಮುಳುಗಿ ಎದ್ದ ಕಾರು ಅಗ್ಗಕ್ಕೆ ಸಿಕ್ಕರೂ ಬೇಡ. ವೈರಿನ ಒಳಗೆ ಹಿಡಿದ ತುಕ್ಕು ಕಣ್ಣಿಗೆ ಕಾಣುವುದಿಲ್ಲ, ಒಂದು ವರ್ಷ ಬಿಟ್ಟು ಕಾಟ ಕೊಡುತ್ತದೆ.

ಇವೆಲ್ಲ ತಲೆನೋವು. ಇನ್ನು ಮೂರು ಸಂಗತಿ ಪ್ರಾಣಕ್ಕೆ ಸಂಬಂಧಿಸಿದ್ದು. ತಾಯಿಯಾಗಿ ನೀವು ಫೋನಿನಲ್ಲಿ ಕೇಳಬೇಕಾದದ್ದು ಇವನ್ನೇ.

ಮೊದಲನೆಯದು, ಹಿಂದಿನ ಚಕ್ರ ಅತ್ತಿತ್ತ ತಿರುಗದಂತೆ ಬಿಗಿ ಮಾಡಿದ್ದಾನಾ? ದಾನಿ ಕಾರಿನ ಮುಂದಿನ ಹಬ್ಬುಗಳನ್ನೇ ಹಿಂದೆ ಹಾಕಿದರೆ, ಅವು ಸ್ಟೀರಿಂಗ್ ಜೊತೆ ತಿರುಗಲೆಂದೇ ಹುಟ್ಟಿದವು. ಈಗ ತಿರುಗಬಾರದು. ಹಳೇ ಸ್ಟೀರಿಂಗ್ ಕಡ್ಡಿಯ ಜಾಗದಲ್ಲಿ ಗಟ್ಟಿಯಾದ ಕಡ್ಡಿ ಹಾಕಿ ಚೌಕಟ್ಟಿಗೆ ಕಟ್ಟಬೇಕು. ಆ ಕಡ್ಡಿ ಸಡಿಲವಾದರೆ ಹಿಂದಿನ ಚಕ್ರ ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಎರಡನೆಯದು ಬ್ರೇಕು. ಜೋರಾಗಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ. ಮುಂದಿನ ದೊಡ್ಡ ಬ್ರೇಕುಗಳು ಹಿಂದಕ್ಕೆ ಹೋಗಿ, ಲೆಕ್ಕ ತಪ್ಪಿ ಹಿಂದಿನ ಚಕ್ರವೇ ಮೊದಲು ಕಚ್ಚಿಕೊಂಡರೆ, ಆಗಲೇ ಹೇಳಿದ ಆ ಗಿರ್ರನೆ ತಿರುಗೋದು ಇದೆಯಲ್ಲ, ಅದು ಗ್ಯಾರಂಟಿ. ಹ್ಯಾಂಡ್ ಬ್ರೇಕೂ ನೋಡಬೇಕು. ಹೆಚ್ಚಿನ ಕಾರುಗಳ ಮುಂದಿನ ಹಬ್ಬಿನಲ್ಲಿ ಅದು ಇರುವುದೇ ಇಲ್ಲ, ಬೇರೆ ಏರ್ಪಾಡು ಬೇಕು.

ಮೂರನೆಯದು ಬೆಂಕಿ. ಬಿಸಿ ಎಂಜಿನ್, ಕೆಂಪಗೆ ಕಾಯುವ ಎಕ್ಸಾಸ್ಟು, ಪೆಟ್ರೋಲ್ ಪೈಪು ಎಲ್ಲ ಬೆನ್ನ ಹಿಂದಿನ ಚಿಕ್ಕ ಗೂಡಿನಲ್ಲಿ. ನಡುವೆ ಗಟ್ಟಿ ತಗಡಿನ ಗೋಡೆ ಇರಬೇಕು, ಪೈಪು ಬಿಸಿಯಿಂದ ದೂರ ಇರಬೇಕು, ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗುವಂತಿರಬೇಕು.

ಈ ಮೂರಕ್ಕೂ ಅವನು ತಡವರಿಸದೆ ಉತ್ತರ ಕೊಟ್ಟರೆ ನಿಮಗೂ ಸ್ವಲ್ಪ ಧೈರ್ಯ ಬರುತ್ತೆ. ಇಂಗ್ಲೆಂಡಿನಲ್ಲಾದರೆ ಇದನ್ನೆಲ್ಲ ಸರ್ಕಾರವೇ ಕೇಳುತ್ತದೆ. ಅಲ್ಲಿ ಮನೆಯಲ್ಲಿ ಕಟ್ಟಿದ ಕಾರು ಐವಿಎ ಎಂಬ ಪರೀಕ್ಷೆ ಪಾಸಾಗಬೇಕು. ಬ್ರೇಕು, ದೀಪ, ಸೀಟ್ ಬೆಲ್ಟು ಕಟ್ಟಿದ ಜಾಗ, ಹೊಗೆ, ಚೂಪು ಅಂಚು, ಎಲ್ಲಾ ನೋಡುತ್ತಾರೆ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಹಾಗಾಗಿ ಪರೀಕ್ಷಕರ ಕಣ್ಣು ಎಷ್ಟೇ ಚುರುಕಾಗಿರಲಿ, ಕಟ್ಟಿದವನು ಬೇರೊಬ್ಬ ತಿಳಿದವರನ್ನು ಕರೆದು ತೋರಿಸೋದು ಒಳ್ಳೆಯದು. ತಾನೇ ಬಿಗಿದ ಬೋಲ್ಟಿನ ತಪ್ಪು ತನ್ನ ಕಣ್ಣಿಗೆ ಬೀಳೋದು ಕಷ್ಟ.

ಇನ್ನು ಸೊಸೆಯ ಮುಖದ ವಿಚಾರ. ಅವಳ ಸಿಟ್ಟು ಕಾರಿನ ಮೇಲಲ್ಲ, ಕೊನೆ ಕಾಣದ ಕೆಲಸದ ಮೇಲೆ ಅಂತ ನನ್ನ ಅನಿಸಿಕೆ. ಇದು ಒಂದೆರಡು ವಾರಾಂತ್ಯದಲ್ಲಿ ಮುಗಿಯೋದಲ್ಲ. ವರ್ಷ ದಾಟಬಹುದು. ಆದ್ದರಿಂದ ‘ಬಿಟ್ಬಿಡು’ ಅನ್ನೋ ಬದಲು ಲೆಕ್ಕ ಕೇಳಿ. ದಾನಿ ಕಾರಿನಲ್ಲಿ ಉಳಿದ ಬಾಗಿಲು, ಸೀಟು, ಗಾಜು ಮಾರಿದ್ದಾನಾ? ಅದರಿಂದ ಖರ್ಚಿನ ಒಂದು ಪಾಲು ವಾಪಸ್ ಬರುತ್ತದೆ, ಗ್ಯಾರೇಜೂ ಖಾಲಿಯಾಗುತ್ತದೆ. ತಿಂಗಳಿಗೆ ಇಷ್ಟೇ ದುಡ್ಡು, ವಾರಕ್ಕೆ ಇಷ್ಟೇ ಗಂಟೆ ಅಂತ ಇಬ್ಬರೂ ಕೂತು ಮಾತಾಡಿದ್ದಾರಾ? ಅರ್ಧಕ್ಕೆ ನಿಂತ ಕಿಟ್ ಕಾರನ್ನು ಹಾಕಿದ ದುಡ್ಡಿಗೆ ಯಾರೂ ಕೊಳ್ಳೋದಿಲ್ಲ. ಅರ್ಧ ಕಟ್ಟಿದ ಮನೆಯ ಹಾಗೆ, ಅದು ದಾರಿಹೋಕರಿಗೆ ನೋಟ, ಕಟ್ಟಿದವರಿಗೆ ನೋವು.

‘ನಮ್ಮ ಮನೆ ಮುಂದೆ ನಿಂತಿರೋ ಹಳೇ ಕಾರಿನಲ್ಲೂ ಹೀಗೆ ಮಾಡಬಹುದಾ?’ ಅಂತ ಕೇಳುವ ಹುಡುಗರೂ ಇದ್ದೀರಿ. ರಸ್ತೆಗೆ ಅಂದರೆ ಆಗದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಕಷ್ಟಪಟ್ಟು ಕಟ್ಟಿದ ಕಾರು ಆರ್‌ಟಿಒ ಅಂಗಳದಲ್ಲಿ ಕೂರೋದು ಬೇಡ.

ಆದರೆ ಟ್ರ್ಯಾಕಿಗೆ ಆ ಅಡ್ಡಿಯಿಲ್ಲ, ನಮ್ಮಲ್ಲೂ ಇದಕ್ಕೊಂದು ಒಳ್ಳೇ ಪರಂಪರೆ ಇದೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಮಾರುತಿ 800ರ ಎಂಜಿನ್ನನ್ನು ಡ್ರೈವರ್ ಬೆನ್ನಿಗಿಟ್ಟು ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ಆ ಫಾರ್ಮುಲಾ ಮಾರುತಿಯಲ್ಲಿ 1993ರಲ್ಲಿ ರೇಸ್ ಮಾಡಿದ ಹುಡುಗ ನರೇನ್ ಕಾರ್ತಿಕೇಯನ್, 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಡ್ರೈವರ್ ಆದರು. ಸಂಸಾರಸ್ಥರು ತರಕಾರಿ ತರಲು ಒಯ್ಯುತ್ತಿದ್ದ ಕಾರಿನ ಎಂಜಿನ್ನೇ ಸ್ವಾಮಿ ಅದು!

ಇವತ್ತು ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳೂ ಬೈಕ್ ಎಂಜಿನ್ನನ್ನು ಸೀಟಿನ ಹಿಂದಿಟ್ಟು ವಿದ್ಯಾರ್ಥಿ ಸ್ಪರ್ಧೆಗಳಿಗೆ ಕಾರು ಕಟ್ಟುತ್ತವೆ. ಮನೆಯಲ್ಲಿ ಸ್ಪ್ಯಾನರ್ ಹುಚ್ಚಿನ ಮಗನೋ ಮಗಳೋ ಇದ್ದರೆ ಅಂಥ ತಂಡ ಇರೋ ಕಾಲೇಜು ಯಾವುದು ಅಂತ ಸೀಟು ತಗೊಳ್ಳೋ ಮುಂಚೆಯೇ ವಿಚಾರಿಸಿ. ಅಲ್ಲಿ ಬ್ರೇಕ್ ಲೆಕ್ಕ ತಪ್ಪಿದರೆ ತಿದ್ದೋಕೆ ಮೇಷ್ಟ್ರು ಇರ್ತಾರೆ, ಬೋಲ್ಟ್ ಸಡಿಲ ಇದ್ರೆ ಹೇಳೋಕೆ ಜೊತೆಗಾರರು ಇರ್ತಾರೆ.